ತೀವ್ರ ಅಪೌಷ್ಟಿಕತೆಗೆ ಮನೆಯಲ್ಲೇ ಚಿಕಿತ್ಸೆ: ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನನ್ನ ಮೊಮ್ಮಗಳಿಗೆ ಒಂದೂವರೆ ವರ್ಷ, ತೂಕ 7 ಕಿಲೋ. ತೋಳಿಗೆ ಪಟ್ಟಿ ಸುತ್ತಿ ಅಳೆದಾಗ 112 ಮಿಲಿಮೀಟರ್ ಬಂತು. ಇದು ತೀವ್ರ ಅಪೌಷ್ಟಿಕತೆ ಎಂದು ಹೇಳಿದ ವೈದ್ಯರು ಮಗುವನ್ನು ಆಸ್ಪತ್ರೆಗೆ ಸೇರಿಸಿಕೊಳ್ಳದೆ, ಒಂದು ವಾರಕ್ಕಾಗುವಷ್ಟು ಆಹಾರದ ಪೊಟ್ಟಣಗಳನ್ನು ಕೊಟ್ಟು ಮನೆಗೆ ಕಳುಹಿಸಿದರು. ಕಾಯಿಲೆ ತೀವ್ರವಾಗಿದ್ದರೂ ಹೀಗೆ ಕಳುಹಿಸುವುದು ಸರಿಯೇ?

ಉತ್ತರ: ಮಗು ಹಸಿದು ತಿನ್ನುತ್ತಿದ್ದರೆ ಮತ್ತು ಬೇರೆ ತೊಡಕು ಇಲ್ಲದಿದ್ದರೆ ಖಂಡಿತ ಸರಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ, ಎತ್ತರಕ್ಕೆ ಇರಬೇಕಾದ ತೂಕ ಬಹಳ ಕೆಳಗಿಳಿದಿದ್ದರೆ, ಅಥವಾ ಎರಡೂ ಪಾದಗಳಲ್ಲಿ ಒತ್ತಿದರೆ ಕುಳಿ ಬೀಳುವ ಬಾವು ಇದ್ದರೆ ಅದನ್ನು ತೀವ್ರ ಅಪೌಷ್ಟಿಕತೆ ಎನ್ನುತ್ತೇವೆ. ಈ ಅಳತೆಗಳಿಂದ ಮಗುವಿಗೆ ಚಿಕಿತ್ಸೆ ಬೇಕೆಂಬುದು ತಿಳಿಯುತ್ತದೆಯೇ ಹೊರತು, ಚಿಕಿತ್ಸೆಯನ್ನು ಎಲ್ಲಿ ಕೊಡಬೇಕೆಂಬುದು ತಿಳಿಯುವುದಿಲ್ಲ. ಅದನ್ನು ನಿರ್ಧರಿಸುವುದು ಬಹುಮಟ್ಟಿಗೆ ಮಗುವಿನ ಹಸಿವು.

ದೀರ್ಘಕಾಲ ಸಾಕಷ್ಟು ಆಹಾರ ಸಿಗದ ದೇಹವು ಯಕೃತ್ತು, ಕರುಳು, ಹೃದಯ ಎಲ್ಲದರ ಕೆಲಸವನ್ನೂ ತಗ್ಗಿಸಿಕೊಂಡು ಹೇಗೋ ಜೀವ ಹಿಡಿದಿರುತ್ತದೆ. ಅಂಥ ಮಗುವಿಗೆ ಒಳಗೆ ಸೋಂಕು ತಗುಲಿದ್ದರೂ ಮೈ ಬಿಸಿಯಾಗದೇ ಇರಬಹುದು. ಸೋಂಕನ್ನು ಎದುರಿಸಿ ಜ್ವರ ಏರಿಸುವಷ್ಟು ಶಕ್ತಿಯೂ ಅದಕ್ಕೆ ಉಳಿದಿರುವುದಿಲ್ಲ. ಹೊರಗೆ ಕಾಣುವ ಸೂಚನೆ ಎಷ್ಟೋ ಸಲ ಒಂದೇ: ತಿನ್ನಲು ಒಲ್ಲೆ ಎನ್ನುವುದು. ಆದ್ದರಿಂದಲೇ ಮನೆಗೆ ಕಳುಹಿಸುವ ಮೊದಲು ಹಸಿವಿನ ಪರೀಕ್ಷೆ ನಡೆಯುತ್ತದೆ. ತಾಯಿ ಕೈತೊಳೆದು, ಗದ್ದಲವಿಲ್ಲದ ಮೂಲೆಯಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಪೊಟ್ಟಣದ ಮೂಲೆ ಹರಿದು ಸ್ವಲ್ಪ ಸ್ವಲ್ಪವಾಗಿ ತಿನ್ನಿಸುತ್ತಾಳೆ, ನಡುನಡುವೆ ನೀರು ಕುಡಿಸುತ್ತಾಳೆ. ಅವಸರವಿಲ್ಲ, ಒತ್ತಾಯವಂತೂ ಕೂಡದು. ತೂಕಕ್ಕೆ ನಿಗದಿಯಾದ ಕನಿಷ್ಠ ಪ್ರಮಾಣವನ್ನು ಮಗು ತಾನಾಗಿಯೇ ತಿಂದರೆ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ. ರಕ್ತಪರೀಕ್ಷೆಗಿಂತ ಈ ಸರಳ ಪರೀಕ್ಷೆಯ ಮೇಲೆ ನನಗೆ ಹೆಚ್ಚು ನಂಬಿಕೆ.

1990ರ ದಶಕದವರೆಗೆ ಇಂಥ ಎಲ್ಲ ಮಕ್ಕಳನ್ನೂ ಒಳರೋಗಿಗಳಾಗಿ ಸೇರಿಸಿಕೊಳ್ಳಲೇಬೇಕಿತ್ತು, ಏಕೆಂದರೆ ಚಿಕಿತ್ಸೆಯ ಹಾಲಿನಪುಡಿಯನ್ನು ನೀರಿನಲ್ಲಿ ಕಲಸಬೇಕಾಗಿದ್ದರಿಂದ ಅದು ಬೇಗ ಕೆಡುತ್ತಿತ್ತು, ಮನೆಗೆ ಕೊಟ್ಟು ಕಳುಹಿಸುವುದು ಅಪಾಯಕಾರಿಯಾಗಿತ್ತು. ಆ ದಶಕದಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾನ್ ಮತ್ತು ಆಹಾರ ಎಂಜಿನಿಯರ್ ಮಿಶೆಲ್ ಲೆಸ್ಕಾನ್ ಅವರು ಹಾಲಿನಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಹಾಗೂ ಖನಿಜಗಳನ್ನು ಕಡಲೆಕಾಯಿ ಬೀಜದ ಪೇಸ್ಟಿನಲ್ಲಿ ಬೆರೆಸಿ ಹೊಸ ಆಹಾರವೊಂದನ್ನು ರೂಪಿಸಿದರು. ಈ ಪೊಟ್ಟಣಗಳಲ್ಲಿರುವುದು ಅದೇ. ಅದರಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಬೇಯಿಸುವ ಅಗತ್ಯವೂ ಇಲ್ಲ. 2000ದಲ್ಲಿ ಇಥಿಯೋಪಿಯದ ಕ್ಷಾಮದ ಸಂದರ್ಭದಲ್ಲಿ ಮನೆಯಲ್ಲೇ ಚಿಕಿತ್ಸೆ ನೀಡುವ ಪದ್ಧತಿ ಫಲ ಕೊಟ್ಟಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಜಂಟಿ ಹೇಳಿಕೆಯ ಮೂಲಕ ಅದನ್ನು ಅನುಮೋದಿಸಿದವು. ಹಾಗಾಗಿ ಇದು ಹಾಸಿಗೆ ಸಾಲದೆ ಮಾಡಿಕೊಂಡ ಏರ್ಪಾಡಲ್ಲ. ತೊಡಕಿಲ್ಲದ ಮಗುವನ್ನು ವಾರ್ಡಿನಲ್ಲಿಟ್ಟರೆ ಪಕ್ಕದ ಹಾಸಿಗೆಯ ಸೋಂಕು ಅದಕ್ಕೆ ಅಂಟಬಹುದು. ಮನೆಯಲ್ಲಿ ಇತರ ಮಕ್ಕಳನ್ನು ಬಿಟ್ಟುಬಂದ ತಾಯಿ ಅರ್ಧದಲ್ಲೇ ಚಿಕಿತ್ಸೆ ನಿಲ್ಲಿಸಿ ಹೊರಟುಬಿಡುವುದೂ ಉಂಟು.

ಆದರೆ ಮಗು ಕುಡಿಯಲು ಅಥವಾ ಹಾಲು ಚೀಪಲು ಆಗದಿದ್ದರೆ, ಕೊಟ್ಟದ್ದನ್ನೆಲ್ಲ ವಾಂತಿ ಮಾಡಿದರೆ, ಮಂಕಾಗಿ ಎಚ್ಚರಗೊಳ್ಳದಿದ್ದರೆ, ಫಿಟ್ಸ್ ಬಂದರೆ, ಉಸಿರಾಟ ವೇಗವಾದರೆ, ಮೈ ತೀರಾ ಬಿಸಿಯಾದರೆ ಅಥವಾ ತಣ್ಣಗಾದರೆ, ಮುಂದಿನ ಭೇಟಿಯ ದಿನಕ್ಕೆ ಕಾಯದೆ ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆರು ತಿಂಗಳೊಳಗಿನ ಕೂಸುಗಳಿಗೆ ಈ ಪೊಟ್ಟಣ ಸಲ್ಲದು; ಅವುಗಳ ಚಿಕಿತ್ಸೆಯೇ ಬೇರೆ.

ಪ್ರಶ್ನೆ: ಮಗಳಿಗೆಂದು ಕೊಟ್ಟ ಪೊಟ್ಟಣ ಬಿಚ್ಚಿದರೆ ದೊಡ್ಡ ಮಗನೂ ಕೇಳುತ್ತಾನೆ. ಅವನಿಗೂ ಸ್ವಲ್ಪ ಕೊಡಬಹುದೇ? ಮಗಳಿಗೆ ಜ್ವರವಿಲ್ಲದಿದ್ದರೂ ಆ್ಯಂಟಿಬಯೋಟಿಕ್ ಬರೆದಿದ್ದಾರೆ, ಅದು ಬೇಕೇ? ಜೊತೆಗೆ ಕಬ್ಬಿಣಾಂಶದ ಟಾನಿಕ್ ಕೊಡಬಹುದೇ?

ಉತ್ತರ: ದೊಡ್ಡವನಿಗೆ ಕೊಡಬೇಡಿ. ಅದು ತಿಂಡಿಯಂತೆ ಕಂಡರೂ ಅಳೆದು ಕೊಟ್ಟ ಔಷಧ. 92 ಗ್ರಾಮಿನ ಒಂದು ಪೊಟ್ಟಣದಲ್ಲಿ ಸುಮಾರು 500 ಕಿಲೋಕ್ಯಾಲರಿ ಇರುತ್ತದೆ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 150ರಿಂದ 185 ಕಿಲೋಕ್ಯಾಲರಿಯ ಲೆಕ್ಕದಲ್ಲಿ 7 ಕಿಲೋ ತೂಗುವ ಮಗುವಿಗೆ ಎರಡರಿಂದ ಎರಡೂವರೆ ಪೊಟ್ಟಣ ಬೇಕು. ಅಣ್ಣನ ಪಾಲು ಹೋದರೆ ತಂಗಿಯ ಚೇತರಿಕೆ ಆ ಮಟ್ಟಿಗೆ ಹಿಂದೆ ಬೀಳುತ್ತದೆ. ಅವನಿಗೆ ಅದೇ ಹೊತ್ತಿಗೆ ಬೇರೇನಾದರೂ ತಿನ್ನಲು ಕೊಡುವುದೇ ಜಾಣತನ. ಮೊದಲು ಎದೆಹಾಲು, ನಂತರ ಪೊಟ್ಟಣದ ಆಹಾರ, ಮನೆಯ ಊಟ ಆಮೇಲೆ. ಪೇಸ್ಟು ಗಟ್ಟಿಯಾಗಿರುವುದರಿಂದ ಶುದ್ಧ ನೀರನ್ನು ಧಾರಾಳವಾಗಿ ಕುಡಿಸಿ, ಆದರೆ ಪೇಸ್ಟಿಗೆ ನೀರು ಬೆರೆಸಬೇಡಿ.

ಜ್ವರವಿಲ್ಲದಿದ್ದರೂ ಸೋಂಕು ಇರಬಹುದೆಂದು ಮೇಲೆ ಹೇಳಿದ್ದೇನೆ. ಆ್ಯಂಟಿಬಯೋಟಿಕ್ ಕೊಡುವುದು ಅದಕ್ಕಾಗಿಯೇ. 2013ರಲ್ಲಿ ಪ್ರಕಟವಾದ ಮಲಾವಿಯ ಅಧ್ಯಯನದಲ್ಲಿ ಇದರಿಂದ ಸಾವು ಕಡಿಮೆಯಾದದ್ದು ಕಂಡುಬಂತು. 2016ರಲ್ಲಿ ಪ್ರಕಟವಾದ ನೈಜರ್‌ನ ಅಧ್ಯಯನದಲ್ಲಿ ಪೌಷ್ಟಿಕ ಚೇತರಿಕೆಗೆ ಅಷ್ಟು ಲಾಭ ಕಾಣದಿದ್ದರೂ, ಆಸ್ಪತ್ರೆಗೆ ಸೇರಿಸಬೇಕಾದ ಮಕ್ಕಳ ಪ್ರಮಾಣ ತಗ್ಗಿತ್ತು. ಹೇಳಿದಷ್ಟು ದಿನ ತಪ್ಪದೆ ಕೊಡಿ. ಟಾನಿಕ್ ಬೇಡ, ಅಗತ್ಯವಾದ ಕಬ್ಬಿಣಾಂಶ ಪೊಟ್ಟಣದಲ್ಲೇ ಇದೆ.

ಪ್ರಶ್ನೆ: ಪಾದ ಬಾತಿದ್ದ ನಮ್ಮ ಮಗುವಿಗೆ ಇದೇ ಚಿಕಿತ್ಸೆ ನಡೆದಿದೆ. ಒಂದು ವಾರವಾದ ಮೇಲೆ ತೂಗಿದರೆ ತೂಕ ಇಳಿದಿದೆ. ಚಿಕಿತ್ಸೆ ಫಲಿಸುತ್ತಿಲ್ಲವೇ?

ಉತ್ತರ: ಮೊದಲು ಪಾದ ನೋಡಿ. ಹೆಬ್ಬೆರಳಿನಿಂದ ಎರಡೂ ಪಾದಗಳ ಮೇಲೆ ಮೂರು ಸೆಕೆಂಡು ಒತ್ತಿ ತೆಗೆದಾಗ ಬೀಳುತ್ತಿದ್ದ ಕುಳಿ ಈಗ ಕಡಿಮೆಯಾಗಿದ್ದು, ಮಗು ಚೆನ್ನಾಗಿ ತಿನ್ನುತ್ತಿದ್ದರೆ, ಇಳಿದಿರುವುದು ಮೈಯಲ್ಲಿ ನಿಂತಿದ್ದ ನೀರಿನ ಭಾರ. ಅದು ಒಳ್ಳೆಯ ಲಕ್ಷಣ. ಬಾವು ಪೂರ್ತಿ ಇಳಿದ ಮೇಲೂ ತೂಕ ಏರದಿದ್ದರೆ, ಅಥವಾ ಮೊದಲಿನಿಂದಲೂ ಬಾವೇ ಇಲ್ಲದ ಮಗುವಿನ ತೂಕ ಇಳಿದರೆ, ಪೊಟ್ಟಣ ನಿಜಕ್ಕೂ ಮಗುವಿನ ಹೊಟ್ಟೆ ಸೇರುತ್ತಿದೆಯೇ, ಬೇಧಿ ಇದೆಯೇ, ಕ್ಷಯ ಅಥವಾ ಎಚ್‌ಐವಿಯಂಥ ಬೇರೆ ಕಾಯಿಲೆ ಇದೆಯೇ ಎಂದು ವೈದ್ಯರು ಹುಡುಕಬೇಕಾಗುತ್ತದೆ. ಮಗು ದುಂಡಗೆ ಕಂಡಿತೆಂದು ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಡಿ. ತೋಳಿನ ಸುತ್ತಳತೆಯಿಂದ ಸೇರಿಸಿಕೊಂಡ ಮಗುವಾದರೆ ಅದು 125 ಮಿಲಿಮೀಟರ್ ತಲುಪಿ, ಕನಿಷ್ಠ ಎರಡು ವಾರ ಬಾವು ಮರುಕಳಿಸದಿದ್ದರೆ ಮಾತ್ರ ಪೊಟ್ಟಣ ನಿಲ್ಲಿಸುತ್ತಾರೆ. ಆ ಬಳಿಕವೂ ಕೆಲವು ತಿಂಗಳು ತೋಳನ್ನು ಆಗಾಗ ಅಳೆಸುತ್ತಿರಿ.