ಡೈರಿ ಸದಸ್ಯರ ಆರೋಗ್ಯ ನಿಧಿಗೆ ಓಪನ್‌ಐಮಿಸ್ ಬೇಕಾ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೈರಿ ಕಾರ್ಯದರ್ಶಿ. 400 ಸದಸ್ಯರಿದ್ದಾರೆ. ಬಟವಾಡೆಯಲ್ಲಿ ತಿಂಗಳಿಗೆ 50 ರೂಪಾಯಿ ಹಿಡಿದುಕೊಂಡು, ಆಸ್ಪತ್ರೆಗೆ ಸೇರಿದವರಿಗೆ ಸಹಾಯ ಮಾಡುವ ನಿಧಿ ಮಾಡೋಣ ಅಂತ ಕಮಿಟಿಯಲ್ಲಿ ಮಾತಾಗಿದೆ. ಮೈಸೂರಿನಲ್ಲಿರುವ ನಮ್ಮಣ್ಣನ ಮಗ, ‘ಓಪನ್‌ಐಮಿಸ್ ಅಂತ ಸಾಫ್ಟ್‌ವೇರ್ ಇದೆ, ಪುಕ್ಕಟೆ ಸಿಗುತ್ತೆ, ನೇಪಾಳದಲ್ಲಿ ಆರೋಗ್ಯ ವಿಮೆನೇ ಅದರಲ್ಲಿ ನಡೀತಿದೆ’ ಅಂತಾನೆ. ನಮಗೆ ಆಗುತ್ತಾ ಸಾರ್?

ಉತ್ತರ: ಹುಡುಗ ಹೇಳಿದ್ದು ಸುಳ್ಳಲ್ಲ. ಆರೋಗ್ಯ ನಿಧಿಯ ಸದಸ್ಯರು, ಕಂತು, ಆಸ್ಪತ್ರೆ ಬಿಲ್ಲುಗಳ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಓಪನ್‌ಐಮಿಸ್‌ನ ಮೊದಲ ರೂಪ 2012ರ ಹೊತ್ತಿಗೆ ಟಾಂಜಾನಿಯದ ಡೊಡೊಮಾ ಪ್ರಾಂತ್ಯದಲ್ಲಿ ಬಳಕೆಗೆ ಬಂತು. ಅಲ್ಲಿದ್ದದ್ದೂ ಹೆಚ್ಚುಕಮ್ಮಿ ನಿಮ್ಮ ಯೋಚನೆಯ ಥರದ್ದೇ. ಹಳ್ಳಿಯ ಮನೆಗಳು ವರ್ಷಕ್ಕಿಷ್ಟು ಅಂತ ಕಟ್ಟುವ ಸಮುದಾಯ ಆರೋಗ್ಯ ನಿಧಿ. ಹಣದ ನೆರವು ಸ್ವಿಟ್ಜರ್ಲೆಂಡಿನದು. ಆಮೇಲೆ ಕ್ಯಾಮರೂನ್‌ಗೆ, ನೇಪಾಳಕ್ಕೆ ಹೋಯ್ತು. 2016ರಲ್ಲಿ ಜರ್ಮನಿಯೂ ಕೈಜೋಡಿಸಿತು. ಈಗ ಯಾರು ಬೇಕಾದರೂ ತಗೊಂಡು, ತಿದ್ದಿ ಬಳಸಬಹುದು. ನೇಪಾಳದ ಸರ್ಕಾರಿ ಆರೋಗ್ಯ ವಿಮೆ 2016ರಲ್ಲಿ ಕೈಲಾಲಿ ಜಿಲ್ಲೆಯಿಂದ ಶುರುವಾಗಿದ್ದೇ ಇದರ ಮೇಲೆ.

ಪುಕ್ಕಟೆ ಅನ್ನೋದಕ್ಕೆ ಒಂದು ಮಾತು. ಕಬ್ಬಿನ ಬಿತ್ತನೆ ತುಂಡು ಪಕ್ಕದ ಗದ್ದೆಯವರು ಸುಮ್ನೆ ಕೊಡಬಹುದು. ಉಳುಮೆ, ಗೊಬ್ಬರ, ಕಟಾವಿನ ಕೂಲಿ ನಿಮ್ಮದೇ ಅಲ್ವಾ? ಇಲ್ಲೂ ಹಾಗೇ. ಲೈಸೆನ್ಸ್‌ಗೆ ಕಾಸಿಲ್ಲ. ಸರ್ವರ್ ಬಾಡಿಗೆ, ಬ್ಯಾಕಪ್, ಕೆಟ್ಟಾಗ ನೋಡೋಕೆ ಒಬ್ಬ ಗೊತ್ತಿರುವ ಮನುಷ್ಯ, ಇವಕ್ಕೆಲ್ಲ ದುಡ್ಡು ಬೇಕು. ನಿಮ್ಮ ನಿಧಿಗೆ ವರ್ಷಕ್ಕೆ ಬರೋದೇ 2.4 ಲಕ್ಷ. ಅದರಲ್ಲಿ ಕಂಪ್ಯೂಟರ್‌ಗೆ ಎಷ್ಟು, ಕಾಯಿಲೆಗೆ ಎಷ್ಟು?

ಆದರೆ ಅದು ಕೆಲಸ ಮಾಡುವ ರೀತಿಯನ್ನು ನೀವು ಕಲಿಯಲೇಬೇಕು. ಜ್ವರ ಅಂತ ಒಬ್ಬ ಹೆಂಗಸು ಎರಡು ದಿನ ಅಡ್ಮಿಟ್ ಆದರು ಅಂದುಕೊಳ್ಳಿ. ಆಸ್ಪತ್ರೆಯವರು ಕ್ಲೇಮ್, ಅಂದರೆ ಹಣ ಕೇಳುವ ಬಿಲ್, ಹಾಕ್ತಾರೆ. ಕಾಯಿಲೆ ಯಾವುದು, ಬೆಡ್ ಎಷ್ಟು ದಿನ, ಡ್ರಿಪ್ ಎಷ್ಟು, ಯಾವ ಮಾತ್ರೆ. ಮೊದಲು ಸಾಫ್ಟ್‌ವೇರ್ ತಾನೇ ನೋಡುತ್ತದೆ. ಆ ದಿನ ಅವರ ಪಾಲಿಸಿ ಚಾಲ್ತಿಯಲ್ಲಿತ್ತಾ? ಆ ಔಷಧಿ ಆ ಆಸ್ಪತ್ರೆಯ ದರಪಟ್ಟಿಯಲ್ಲಿದೆಯಾ? ಗಂಡಸಿಗೆ ಹೆರಿಗೆ ಬಿಲ್ ಬಂದಿಲ್ಲ ತಾನೇ? ಇಲ್ಲಿ ಪಾಸಾದದ್ದು ಪರಿಶೀಲನೆಗೆ ಹೋಗುತ್ತದೆ. ಅಲ್ಲಿ ವೈದ್ಯಕೀಯ ಗೊತ್ತಿರುವವರು ಕೂತು, ಇಷ್ಟು ಡ್ರಿಪ್ ಯಾಕೆ ಅಂತ ಕೇಳಿ ಕಡಿತ ಮಾಡಬಹುದು. ಆಮೇಲೆ ಹಣ. ನನಗೆ ಬಹಳ ಇಷ್ಟವಾದ ಭಾಗ ಇನ್ನೊಂದಿದೆ. ಸದಸ್ಯರ ಹೆಸರು ನೋಂದಾಯಿಸಿಕೊಂಡಿದ್ದ ಊರಿನ ಕಾರ್ಯಕರ್ತರ ಫೋನಿಗೆ ‘ಇವರನ್ನು ಹೋಗಿ ಕೇಳಿ’ ಅಂತ ಬರುತ್ತದೆ. ನಿಜವಾಗಿ ಚಿಕಿತ್ಸೆ ಆಯ್ತಾ? ಬರೆದ ಮಾತ್ರೆ ಕೈಗೆ ಸಿಕ್ತಾ? ಕೈಯಿಂದ ದುಡ್ಡು ಕೇಳಿದ್ರಾ? ಕಳ್ಳ ಬಿಲ್ ಹಿಡಿಯೋಕೆ ಇದಕ್ಕಿಂತ ಸುಲಭದ ಉಪಾಯ ನನಗಂತೂ ಗೊತ್ತಿಲ್ಲ.

ಇನ್ನೊಂದು ಲೆಕ್ಕವೂ ಅದರಲ್ಲಿದೆ. ನಿಧಿ ಸಣ್ಣದಿದ್ದರೆ ಪ್ರತಿ ಕ್ಲೇಮಿಗೂ ಪೂರ್ತಿ ದರ ಕೊಡಬೇಕಿಲ್ಲ. ಆ ಅವಧಿಗೆ ಎತ್ತಿಟ್ಟ ಹಣವನ್ನು ಬಂದ ಕ್ಲೇಮುಗಳಿಗೆ ಪಾಲು ಹಾಕುವಂತೆ ಮಾಡಬಹುದು. ಕ್ಲೇಮ್ ಜಾಸ್ತಿ ಬಂದರೆ ಒಬ್ಬೊಬ್ಬರ ಪಾಲು ಇಳಿಯುತ್ತದೆ, ಪೆಟ್ಟಿಗೆ ಬರಿದಾಗಲ್ಲ. ಕಾಗದದ ಮೇಲೂ ಈ ಲೆಕ್ಕ ಮಾಡಬಹುದು.

ಕೆಲವು ವರ್ಷದ ಹಿಂದೆ ಒಂದು ಸಹಕಾರ ಸಂಘದ ಇಂಥದೇ ನಿಧಿಯನ್ನು ಕಂಪ್ಯೂಟರಿಗೆ ಏರಿಸಲು ಹೋಗಿದ್ದೆ. ಮೊದಲ ದಿನವೇ ಸಿಕ್ಕಿಹಾಕಿಕೊಂಡೆವು. ರಿಜಿಸ್ಟರ್‌ನಲ್ಲಿ ಐದು ಜನ ಪುಟ್ಟಸ್ವಾಮಿ. ಅದರಲ್ಲಿ ಇಬ್ಬರು ಒಬ್ಬರೇ. ಒಂದು ಕಡೆ ‘ಬಿನ್’ ಅಂತ ಅಪ್ಪನ ಹೆಸರು, ಇನ್ನೊಂದು ಕಡೆ ಮನೆತನದ ಹೆಸರು. ಒಬ್ಬರ ಹೆಂಡತಿ ತವರಿನ ಸಂಘದಲ್ಲೂ ಸದಸ್ಯೆ. ಕುಟುಂಬ ಅಂದರೆ ಯಾರು ಅಂತ ಕಮಿಟಿ ಯಾವತ್ತೂ ತೀರ್ಮಾನ ಮಾಡಿರಲಿಲ್ಲ. ಮದುವೆಯಾದ ಮಗಳು ಹೆರಿಗೆಗೆ ಬಂದರೆ? ಬೇರೆ ಒಲೆ ಹಾಕಿದ ತಮ್ಮ? ಸಾಫ್ಟ್‌ವೇರ್ ಇದನ್ನೇ ಕೇಳುತ್ತಾ ನಿಂತಿತ್ತು, ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕಂಪ್ಯೂಟರ್ ಕೆಲಸ ನಾಲ್ಕು ದಿನದ್ದು, ಆ ಜಗಳ ಮೂರು ತಿಂಗಳದ್ದು.

ಹಾಗಾಗಿ ಮೊದಲು ಕಮಿಟಿಯಲ್ಲಿ ಕೂತು ಬರೆದುಕೊಳ್ಳಿ. ಕುಟುಂಬ ಅಂದರೆ ಯಾರು. ಸೇರಿದ ಎಷ್ಟು ದಿನಕ್ಕೆ ಸಹಾಯ ಸಿಗುತ್ತದೆ (ಇದಿಲ್ಲದಿದ್ದರೆ ಆಪರೇಷನ್ ಹಿಂದಿನ ದಿನ ಸೇರುವವರೇ ಜಾಸ್ತಿ ಆಗ್ತಾರೆ). ಒಂದು ಮನೆಗೆ ವರ್ಷಕ್ಕೆ ಗರಿಷ್ಠ ಎಷ್ಟು. ಬಿಲ್ ನೋಡಿ ಸಹಿ ಹಾಕುವವರು ಯಾರು.

ಇದನ್ನು ‘ವಿಮೆ’ ಅಂತ ಮಾತ್ರ ಕರೆಯಬೇಡಿ. ನಮ್ಮ ದೇಶದಲ್ಲಿ ವಿಮೆ ಮಾರಲು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನೋಂದಣಿ ಬೇಕು, 100 ಕೋಟಿ ಬಂಡವಾಳ ಬೇಕು. ಸದಸ್ಯರ ಕಲ್ಯಾಣ ನಿಧಿ ಅಂತ ಬೈಲಾದಲ್ಲಿ ಸೇರಿಸಿ, ಸಹಕಾರ ಇಲಾಖೆಯವರನ್ನು ಕೇಳಿಯೇ ಮುಂದುವರಿಯಿರಿ.

ದೊಡ್ಡ ಆಪರೇಷನ್‌ಗಳ ಭಾರವನ್ನು ಈ ನಿಧಿಯ ತಲೆ ಮೇಲೆ ಹೊರಿಸಬೇಡಿ. ಒಂದು ಹೃದಯದ ಆಪರೇಷನ್ನಿಗೆ ವರ್ಷದ ಹಣವೆಲ್ಲ ಹೋಗುತ್ತದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಚಿಕಿತ್ಸೆ ಕೊಡುತ್ತಿದೆ. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇತ್ತು. ಕಾರ್ಯದರ್ಶಿಯಾಗಿ ನೀವು ಮೊದಲು ಮಾಡಬೇಕಾದ ಕೆಲಸ ಇವೆರಡರಲ್ಲಿ ನಿಮ್ಮ 400 ಮನೆಗಳ ಹೆಸರಿದೆಯಾ ಅಂತ ನೋಡುವುದು. ನಿಧಿಯನ್ನು ಅವು ಕೊಡದ ಕಡೆಗೆ ಇಡಿ. ಮೈಸೂರಿಗೆ ಓಡಾಡುವ ಖರ್ಚು, ಹೊರಗೆ ತರುವ ಮಾತ್ರೆ, ಜೊತೆಯಲ್ಲಿದ್ದವರ ಕೂಲಿ.

ಇಷ್ಟಕ್ಕೆ ಒಂದು ಎಕ್ಸೆಲ್ ಹಾಳೆ ಸಾಕು. ಪ್ರತಿ ಮನೆಗೂ ಒಂದು ನಂಬರ್, ಪ್ರತಿ ಸದಸ್ಯರ ಫೋಟೊ. ಯಾರಿಗೆ ಯಾವ ಕಾಯಿಲೆ ಅನ್ನೋದು ಡೈರಿಯ ವಾಟ್ಸಾಪ್ ಗುಂಪಿಗೆ ಹೋಗಕೂಡದು. ಮುಂದೆ ತಾಲ್ಲೂಕಿನ ಎಲ್ಲಾ ಡೈರಿಗಳೂ ಸೇರಿ ನೇರವಾಗಿ ಆಸ್ಪತ್ರೆಗಳಿಗೇ ಹಣ ಕಟ್ಟುವ ಮಟ್ಟಕ್ಕೆ ಬೆಳೆದರೆ, ಆಗ ಅಣ್ಣನ ಮಗನನ್ನು ಕರೆಯಿರಿ. ನಾನೂ ಬರ್ತೀನಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಇಂಥ ಸಾಫ್ಟ್‌ವೇರ್‌ಗೆ ನಾನೂ ಕೋಡ್ ಬರೆಯಬಹುದಾ?

ಉತ್ತರ: ಧಾರಾಳವಾಗಿ. ಓಪನ್‌ಐಮಿಸ್ ಕೋಡ್ ಗಿಟ್‌ಹಬ್‌ನಲ್ಲಿದೆ. ಹಿಂಬದಿ ಪೈಥಾನ್‌ನ ಜಾಂಗೊ, ಮುಂಬದಿ ರಿಯಾಕ್ಟ್. ಡಾಕರ್ ಇದ್ದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡಬಹುದು. ಕ್ಲೇಮ್ ಮಾಡ್ಯೂಲಿನಿಂದ ಶುರು ಮಾಡಿ, ಇಡೀ ವ್ಯವಸ್ಥೆಯ ನಾಡಿ ಅಲ್ಲಿದೆ. ಕೋಡ್ ಕಷ್ಟ ಅನ್ನಿಸಿದರೆ ಪರದೆಯ ಪದಗಳನ್ನು ಕನ್ನಡಕ್ಕೆ ತನ್ನಿ. ‘ಫಲಾನುಭವಿ’ ಅಂತ ಬರೆಯೋ ಮುಂಚೆ ಮನೆಯಲ್ಲಿ ಅಜ್ಜಿಗೆ ಒಂದು ಸಲ ಓದಿ ಹೇಳಿ, ಅವರು ಏನಂತಾರೆ ಕೇಳಿ.