ಪಂಚಭೂತ, ಋತು ಅಂತ ಬಡಾವಣೆಯಲ್ಲಿ ಶಿಬಿರ ಮಾಡಿದರೆ ಜನಕ್ಕೆ ನೆಮ್ಮದಿ ಸಿಗುತ್ತಾ?

ನೀವು ಕೇಳಿದ್ದು ಇಷ್ಟು: ಹಾಸನದ ನಿಮ್ಮ ಬಡಾವಣೆಯಲ್ಲಿ ವಯಸ್ಸಾದವರೇ ಜಾಸ್ತಿ, ಅವರ ಮಕ್ಕಳೆಲ್ಲ ಬೇರೆ ಊರಲ್ಲಿ. ಪಂಚಭೂತ, ಆರು ಋತು ಇವನ್ನು ಇಟ್ಟುಕೊಂಡು ವರ್ಷವಿಡೀ ಶಿಬಿರ ಮಾಡೋಣ ಅಂತ ಸಂಘದವರು ಹೇಳುತ್ತಿದ್ದಾರೆ. ಇದರಿಂದ ನಿಜವಾಗಿ ಯಾರಿಗಾದರೂ ಒಳ್ಳೆಯದಾಗುತ್ತಾ, ಶುರು ಮಾಡೋದಾದರೆ ಹೇಗೆ, ಅಲ್ವಾ?

ಆಗುತ್ತೆ. ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ. ನಾನು ಸಾಗರದ ಕಡೆಯ ಹಳ್ಳಿಯವಳು. ಮೈಸೂರಿಗೆ ಬಂದು ಮೂವತ್ತು ವರ್ಷ ದಾಟಿತು. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಿಯಾದೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಏಳು ವರ್ಷದಿಂದ ಋತುವಿಗೊಂದು ಸಲ ಸೇರುತ್ತಾ ಬಂದಿದ್ದೇವೆ.

ಮೊದಲನೇ ಸಲ ನಾವು ಮಾಡಿದ್ದು ಪೂರ್ತಿ ತಪ್ಪು. ಸಮುದಾಯ ಭವನ ಹಿಡಿದೆವು. ವೇದಿಕೆ, ಮೈಕು, ಐದು ಬಣ್ಣದ ಬ್ಯಾನರು. ಮಣ್ಣಿನ ಗುಣ ವಾಸನೆ, ನೀರಿನದು ರುಚಿ, ಬೆಂಕಿಯದು ರೂಪ, ಗಾಳಿಯದು ಸ್ಪರ್ಶ, ಆಕಾಶದ್ದು ಶಬ್ದ ಅಂತ ಬಂದವರು ಚೆನ್ನಾಗಿಯೇ ವಿವರಿಸಿದರು. ಅವರ ತಪ್ಪೇನೂ ಇಲ್ಲ. ಆದರೆ ಮಣ್ಣಿನ ವಾಸನೆಯ ವಿಷಯ ಕಿವಿಗೆ ಹೋಯಿತೇ ಹೊರತು ವಾಸನೆ ಮೂಗಿಗೆ ಹೋಗಲಿಲ್ಲ. ಪಕ್ಕದಲ್ಲಿ ಕೂತವರ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಆ ದಿನ ಅರವತ್ತು ಜನ ಬಂದಿದ್ದರು. ಮುಂದಿನ ಸಲ ಬಂದದ್ದು ಹನ್ನೊಂದು.

ಆ ಹನ್ನೊಂದು ಜನ ಕೂತು ಯೋಚನೆ ಮಾಡುವಾಗ ಡಿಸೆಂಬರ್ ಕೊನೆ. ರಸ್ತೆ ಬದಿಯಲ್ಲೆಲ್ಲ ಅವರೆಕಾಯಿ ರಾಶಿ. ನಮ್ಮಲ್ಲೊಬ್ಬರು, "ಮೇಡಂ, ಭಾಷಣ ಬೇಡ. ಹಿತಕಿದ ಬೇಳೆ ಸಾರು ಮಾಡೋಣ" ಅಂದರು. ಹದಿನೈದು ಕಿಲೋ ಸೊಗಡವರೆ ತಂದೆವು. ಶನಿವಾರ ಸಂಜೆ ಪಾರ್ಕಿನಲ್ಲಿ ಚಾಪೆ ಹಾಸಿ ಕಾಯಿ ಸುಲಿದೆವು. ಕಾಳನ್ನು ರಾತ್ರಿ ನೀರಲ್ಲಿ ನೆನೆಹಾಕಿ ಭಾನುವಾರ ಬೆಳಿಗ್ಗೆ ಏಳಕ್ಕೆ ಹಿತಕಲು ಕೂತೆವು.

ಅವರೆ ಸುಲಿದವರಿಗೆ ಗೊತ್ತು, ಆ ಸೊಗಡು ಬೆರಳಿಗೆ ಅಂಟಿದರೆ ಸೋಪು ಹಾಕಿದರೂ ಸುಲಭಕ್ಕೆ ಹೋಗಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತಾರೆ ನಮ್ಮ ಕಡೆ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ. ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಕೈಗೆ ಅಭ್ಯಾಸ ಆಗುವವರೆಗೆ ಬೇಳೆ ಪಾತ್ರೆ ಬಿಟ್ಟು ಎಲ್ಲೆಲ್ಲೋ ಹಾರುತ್ತದೆ.

ಅವತ್ತು ನಮ್ಮ ಬೀದಿಯ ಒಬ್ಬ ಯಜಮಾನರನ್ನು ಪಕ್ಕದ ಮನೆಯವರು ಬಲವಂತ ಮಾಡಿ ಕರೆತಂದಿದ್ದರು. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರು ಮನೆಯಿಂದ ಹೊರಗೆ ಬರೋದನ್ನೇ ಬಿಟ್ಟಿದ್ದರು. ಒಂದು ತಟ್ಟೆ ಕಾಳು ಮುಂದಿಟ್ಟೆವು. ಮುಕ್ಕಾಲು ಗಂಟೆ ಒಂದು ಮಾತಿಲ್ಲ. ಎರಡನೇ ತಟ್ಟೆ ಮುಗಿಯುವ ಹೊತ್ತಿಗೆ ತಲೆ ಎತ್ತದೆಯೇ ಹೇಳಿದರು: "ಮನೇಲಿ ಇದನ್ನೆಲ್ಲ ಅವಳೇ ಮಾಡ್ತಿದ್ಲು. ಇಷ್ಟು ಹೊತ್ತು ಹಿಡಿಯುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ." ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಕ್ಕ ಇನ್ನೊಂದು ಹಿಡಿ ಕಾಳು ಅವರ ತಟ್ಟೆಗೆ ಹಾಕಿದರು. ಆಮೇಲೆ ಅವರು ಅವಳ ಅಡುಗೆಯ ವಿಷಯ ಮಾತಾಡುತ್ತಲೇ ಹೋದರು. ಮೂರು ಕಲ್ಲಿಟ್ಟು ಸೌದೆ ಒಲೆಯಲ್ಲಿ ಸಾರು ಕುದಿಸಿದೆವು. ಮುದ್ದೆಯ ಜೊತೆ ಅವರು ಎರಡು ಸಲ ಸಾರು ಹಾಕಿಸಿಕೊಂಡರು.

ನಾನು ಅಲ್ಲಿಂದ ಕಲಿತದ್ದು ಇದು. ಎದುರು ಕೂರಿಸಿಕೊಂಡು "ಮನಸ್ಸಿನ ಭಾರ ಹೇಳಿಕೊಳ್ಳಿ" ಅಂದರೆ ನಮ್ಮ ಜನ ಬಾಯಿ ಬಿಡುವುದಿಲ್ಲ. ಕೈಗೆ ಕೆಲಸ ಇದ್ದಾಗ ಕಣ್ಣು ಕೆಳಗಿರುತ್ತದೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಸುಮ್ನೆ ಕೂತರೂ ಸಂಕೋಚ ಇಲ್ಲ. ಆಗ ಮಾತು ತಾನಾಗಿ ಬರುತ್ತದೆ. ಹಾಗಾಗಿ "ನೆಮ್ಮದಿಗಾಗಿ ಬನ್ನಿ" ಅಂತ ಕರೆಯಬೇಡಿ. "ಅವರೆ ಹಿತಕಲು ಬನ್ನಿ, ಕೈ ಸಾಲುತ್ತಿಲ್ಲ" ಅಂತ ಕರೆಯಿರಿ. ವಯಸ್ಸಾದವರಿಗೆ ಈ ಕರೆ ಬರುವುದೇ ನಿಂತುಹೋಗಿರುತ್ತದೆ.

ಇನ್ನು ಋತುವಿನ ವಿಷಯ. ಪಂಚಾಂಗದ ಪ್ರಕಾರ ವರ್ಷ ಋತು ಅಂದರೆ ಶ್ರಾವಣ, ಭಾದ್ರಪದ. ಆದರೆ ನನ್ನ ತವರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹೊಯ್ಯುತ್ತದೆ. ಮೈಸೂರಿನಲ್ಲಿ ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ, ಜೂನ್ ಜುಲೈಯಲ್ಲಿ ಸೋನೆ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಜೋರು. ಒಂದೇ ಪಟ್ಟಿ ಎಲ್ಲ ಊರಿಗೂ ಹೊಂದುವುದಿಲ್ಲ. ಅದಕ್ಕೇ ನಾವು ರೈತರ ಮಳೆ ನಕ್ಷತ್ರದ ಲೆಕ್ಕ ಹಿಡಿದೆವು. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, 22ರ ಸುಮಾರಿಗೆ ಆರಿದ್ರಾ. "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರಾ" ಅನ್ನುವ ಮಾತು ಹೇಳಿದ ತಕ್ಷಣ ಪ್ರತಿ ಮಳೆಗೂ ಒಂದೊಂದು ಗಾದೆ ಹೊರಬಂತು. ಬ್ಯಾಂಕಿನಲ್ಲಿ ಕೆಲಸ ಮಾಡಿ ಬಂದವರು, ಬಸ್ಸು ಓಡಿಸಿದವರು, ಎಲ್ಲರ ಹಿಂದೆಯೂ ಒಂದು ಹೊಲ ಇತ್ತು. ಅದನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೇ.

ನೀರಿಗಾಗಿ ನಾವು ಮಾಡಿದ್ದು ಮಳೆ ಅಳೆಯುವ ಆಟ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಡಬ್ಬ, ಒಂದು ಸ್ಕೇಲು. ಮರದ ಕೆಳಗಲ್ಲದೆ ತಾರಸಿಯ ಬಯಲಲ್ಲಿ ಇಡಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿ ತಾರಸಿ ಅಂದರೆ ಸುಮಾರು 93 ಚದರ ಮೀಟರ್. ಒಂದು ಸಂಜೆ ಡಬ್ಬದಲ್ಲಿ 22 ಮಿಲಿಮೀಟರ್ ಇತ್ತು. ಏಳನೇ ಕ್ಲಾಸಿನ ಹುಡುಗ ಗುಣಿಸಿ ನೋಡಿ, "ಎರಡು ಸಾವಿರ ಲೀಟರ್ ಚರಂಡಿಗೆ ಹೋಯ್ತಾ ಅಜ್ಜಿ?" ಅಂದ. ಅವನ ಮುಖ ನನಗೆ ಇನ್ನೂ ಕಣ್ಣ ಮುಂದೆ ಇದೆ. ಮುಂದಿನ ಭಾನುವಾರ ಪಾರ್ಕಿನ ಮೂಲೆಯಲ್ಲಿ ಇಂಗುಗುಂಡಿ ತೋಡಿದೆವು. ಹಾರೆ ಹಿಡಿದವರಿಗೆ ಕೆಲಸ ಇತ್ತು, ಮಂಡಿ ನೋವಿನವರಿಗೆ ಕುರ್ಚಿ ಹಾಕಿ ಲೆಕ್ಕ ಬರೆಯುವ ಕೆಲಸ ಕೊಟ್ಟೆವು. ಮಣ್ಣು ಬಗೆದಾಗ ಎದ್ದ ವಾಸನೆಗೆ ಎಲ್ಲರೂ ಒಂದು ಗಳಿಗೆ ನಿಂತರು. ಪಂಚಭೂತದ ಪಾಠ ಅವತ್ತು ಆಯಿತು.

ಅದೇ ದಿನ ದೊಡ್ಡಪತ್ರೆ ತಂಬುಳಿ ಮಾಡಿದೆ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು, ಆಮೇಲೆ ಎಲೆ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸುವುದು. ಕುದಿಸಬಾರದು. ಮನೆಗೆ ಹೋಗುವಾಗ ಎಲ್ಲರ ಕೈಯಲ್ಲೂ ಒಂದೊಂದು ದೊಡ್ಡಪತ್ರೆ ಕಡ್ಡಿ.

ಅಕ್ಟೋಬರ್‌ನಲ್ಲಿ ನನಗೊಂದು ಆಸೆ ಇತ್ತು. ನಮ್ಮೂರಿನ ಭೂಮಿ ಹುಣ್ಣಿಮೆ ಇಲ್ಲಿ ಮಾಡಬೇಕು ಅಂತ. ಭತ್ತ ಹೊಡೆ ತುಂಬಿ ನಿಂತಾಗ ಭೂಮಿತಾಯಿಗೆ ಬಸುರಿಯ ಬಯಕೆ ಊಟ ಬಡಿಸುವ ಹಬ್ಬ ಅದು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ ಬುಟ್ಟಿ, ಗುಡ್ಡದಿಂದ ಆರಿಸಿ ತಂದ ಬಗೆಬಗೆಯ ಸೊಪ್ಪು, ರಾತ್ರಿಯಿಡೀ ಅಡುಗೆ, ಕತ್ತಲಿರುವಾಗಲೇ ದೀಪ ಹಿಡಿದು ಗದ್ದೆಗೆ ಹೊರಡುವುದು. ಆದರೆ ಗದ್ದೆ ಇಲ್ಲದ ಕಡೆ ಅದನ್ನು ಪಾರ್ಕಿನಲ್ಲಿ ಆಡಿ ತೋರಿಸಿದರೆ ನಾಟಕ ಆಗುತ್ತಿತ್ತು. ಬೇಡ ಅನಿಸಿತು. ಬದಲಿಗೆ ನನ್ನ ನೆನಪು ಹೇಳಿ, "ನಿಮ್ಮೂರಲ್ಲಿ ಏನು ಮಾಡ್ತಿದ್ರಿ?" ಅಂತ ಕೇಳಿದೆ. ಕಲಬುರಗಿ ಕಡೆಯ ಅಮ್ಮ ಎಳ್ಳ ಅಮಾವಾಸ್ಯೆಗೆ ಜೋಳದ ಹೊಲದಲ್ಲಿ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲುವುದನ್ನು ಹೇಳುತ್ತಾ ಎದ್ದು ನಿಂತು ಕೈ ಬೀಸಿ ತೋರಿಸಿದರು. ಕೊಡಗಿನವರು ತಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ ಮಾಡುವ ಮದ್ದುಸೊಪ್ಪಿನ ಪಾಯಸದ ಬಣ್ಣ ಹೇಳಿದರು. ಮಂಗಳೂರಿನವರು ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಯುವ ಪಾಲೆ ಮರದ ಕಷಾಯ, ಅದರ ಮೇಲೆ ಮೆಂತ್ಯ ಗಂಜಿ. ನಮ್ಮ ಒಂದು ಬೀದಿಯಲ್ಲಿ ಇಷ್ಟು ಊರು ಇದ್ದವು!

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೇಳಿದ ಉಮೇದಿನಲ್ಲಿ ಒಬ್ಬರು ಮುಂದಿನ ವರ್ಷ ಪಾಲೆ ಕಷಾಯ ನಾವೇ ಮಾಡೋಣ ಅಂದರು. ನಾನು ಒಪ್ಪಲಿಲ್ಲ. ಮರ ಗುರುತಿಸುವವರು ಬೇಕು. ಕಾಸರಕದ ಮರದ ತೊಗಟೆ ವಿಷ, ಗುರುತು ತಪ್ಪಿದರೆ ಪ್ರಾಣಕ್ಕೇ ಕುತ್ತು. ಶಿಬಿರದಲ್ಲಿ ದಿನವೂ ತಿನ್ನುವ ಸೊಪ್ಪು, ಕಾಳು, ಮಸಾಲೆ ಸಾಕು. ಔಷಧಿ ಕೊಡಲು ಹೋಗಬೇಡಿ. ಸಕ್ಕರೆ ಕಾಯಿಲೆ ವಾಸಿಯಾಗುತ್ತೆ, ಮಾತ್ರೆ ಬಿಡಿ ಅನ್ನುವವರನ್ನು ಕರೆಯಲೇಬೇಡಿ. ಹಾಗೆಯೇ ನಿದ್ದೆ ಬಿಟ್ಟವರು, ಬದುಕು ಸಾಕು ಅನ್ನುವವರು ಕಂಡರೆ ಅವರೆ ಹಿತಕಿಸಿ ಸುಮ್ಮನಾಗಬಾರದು. ವೈದ್ಯರ ಹತ್ತಿರ ಜೊತೆಗೇ ಹೋಗಿ. 14416 ಅನ್ನುವ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ನಾವು ಪಾರ್ಕಿನ ಗೇಟಿಗೆ ಬರೆಸಿದ್ದೇವೆ.

ಗಾಳಿ, ಆಕಾಶಕ್ಕೆ ಏನು ಮಾಡೋದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಾವು ಜನವರಿಯಲ್ಲಿ ಒಂದು ವ್ಯಾನು ಮಾಡಿಕೊಂಡು ನಂಜನಗೂಡಿನ ಹತ್ತಿರದ ಹದಿನಾರು ಕೆರೆಗೆ ಹೋಗಿದ್ದೆವು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ಇಳಿಯುತ್ತವೆ. ಒಂದು ಗಂಟೆ ಯಾರೂ ಮೊಬೈಲು ಮುಟ್ಟಲಿಲ್ಲ.

ದಿನ ಯಾವುದು ಇಡಬೇಕು ಅಂತ ನಮಗೂ ಗೊಂದಲ ಇತ್ತು. ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗಹೃದಯದ ಋತುಚರ್ಯೆಯ ಅಧ್ಯಾಯದಲ್ಲಿ ಋತುಸಂಧಿ ಅಂತ ಬರುತ್ತದೆ: ಹೋಗುವ ಋತುವಿನ ಕೊನೆಯ ಏಳು ದಿನ, ಬರುವ ಋತುವಿನ ಮೊದಲ ಏಳು ದಿನ. ಹಳೆಯ ರೂಢಿಯನ್ನು ಮೆಲ್ಲಗೆ ಬಿಟ್ಟು ಹೊಸದನ್ನು ಮೆಲ್ಲಗೆ ಹಿಡಿಯಬೇಕಾದ ಹದಿನಾಲ್ಕು ದಿನ ಅದು. ಆ ಹೊತ್ತಿಗೇ ನೆಗಡಿ, ಕೆಮ್ಮು, ಮೈಕೈ ನೋವು ಅಂತ ವಯಸ್ಸಾದವರು ಮನೆ ಹಿಡಿಯುವುದು ನೀವೂ ನೋಡಿರುತ್ತೀರಿ. ನಾವು ಆದಷ್ಟು ಆ ದಿನಗಳಲ್ಲೇ ಸೇರುತ್ತೇವೆ, ಬರದವರ ಮನೆಗೆ ಇಬ್ಬರು ಹೋಗಿ ಬರುತ್ತಾರೆ. ಹೀಗೆ ಹೋದಾಗಲೇ ಒಬ್ಬ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದು ಗೊತ್ತಾಯಿತು. ನನ್ನ ಮಟ್ಟಿಗೆ ಇಡೀ ಶಿಬಿರಕ್ಕಿಂತ ದೊಡ್ಡ ಕೆಲಸ ಇದೇ.

ಉಳಿದದ್ದು ಚಿಕ್ಕಪುಟ್ಟ ಮಾತು. ಇಪ್ಪತ್ತೈದು ಜನಕ್ಕಿಂತ ಜಾಸ್ತಿಯಾದರೆ ಎರಡು ಚಾಪೆ, ಎರಡು ಗುಂಪು ಮಾಡಿ. ಹಾರ, ಶಾಲು, ಮುಖ್ಯ ಅತಿಥಿ ಬೇಡ. ಫೀಸು ಬೇಡ, ಒಂದು ಡಬ್ಬ ಇಡಿ, ಹಾಕುವವರು ಹಾಕಲಿ. ಅಡುಗೆ ಯಾರ ಮನೆಯಲ್ಲೂ ಬೇಡ, ಎಲ್ಲರ ಎದುರಿಗೆ ಬಯಲಲ್ಲೇ ಆಗಲಿ. ಯಾರ ಮನೆ, ಯಾರ ಕೈ ಅನ್ನುವ ಪ್ರಶ್ನೆ ಆಗ ಬರುವುದಿಲ್ಲ. ನಮ್ಮ ಬೀದಿ ಗುಡಿಸುವ ಹೆಣ್ಣುಮಕ್ಕಳು ಕೆಲಸ ಮುಗಿಸಿ ಬರಲಿ ಅಂತ ನಾವು ಊಟವನ್ನು ಹತ್ತೂವರೆಗೆ ಇಟ್ಟಿದ್ದೇವೆ. ಅದೇ ಚಾಪೆ, ಅದೇ ಪಂಕ್ತಿ. ಮೊದಲು ಒಂದಿಬ್ಬರು ಮೂಗು ಮುರಿದರು. ನಾವು ಬದಲಾಯಿಸಲಿಲ್ಲ.

ನೀವು ಈಗ ಮೇ ತಿಂಗಳಲ್ಲಿ ಕೇಳಿದ್ದೀರಿ, ಹೊತ್ತು ಚೆನ್ನಾಗಿದೆ. ಮೃಗಶಿರ ಹುಟ್ಟುವ ಮುಂಚಿನ ಭಾನುವಾರ ಸೇರಿ. ಒಂದು ಡಬ್ಬ, ಒಂದು ಸ್ಕೇಲು, ಯಾರ ಮನೆಯಿಂದಲಾದರೂ ಒಂದು ಹಿಡಿ ದೊಡ್ಡಪತ್ರೆ ಕಡ್ಡಿ, ಕುಂಡಕ್ಕೆ ಮಣ್ಣು, ಮಜ್ಜಿಗೆ. ಮೊದಲ ಸಲಕ್ಕೆ ಇಷ್ಟು ಸಾಕು. ಹತ್ತು ಜನ ಬಂದರೂ ನಡೆಸಿ. ಹಾಸನದಲ್ಲಿ ಅವರೆ ಬಂದಾಗ ಇಲ್ಲೇ ಒಂದು ಮಾತು ಬರೆಯಿರಿ. ಎಷ್ಟು ಕಿಲೋಗೆ ಎಷ್ಟು ಕೈ ಬೇಕು, ಎಷ್ಟು ಮುದ್ದೆ ಕಟ್ಟಬೇಕು ಅನ್ನುವ ಲೆಕ್ಕ ನನ್ನ ಪುಸ್ತಕದಲ್ಲಿದೆ, ಕಳಿಸುತ್ತೇನೆ.