ಅದು ಟ್ರಂಪೆಟ್ ಅಲ್ಲ, ಹ್ಯಾರಿಯ ಬಾಯಿ!

ಅಮೆರಿಕದ ಹಾಡುಗಾರರ ತಂಡ ಮಿಲ್ಸ್ ಬ್ರದರ್ಸ್ ಅವರ ಹಳೇ ರೆಕಾರ್ಡುಗಳಲ್ಲಿ ಟ್ರಂಪೆಟ್ ಊದಿದವರ ಹೆಸರು ಎಲ್ಲೂ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ಸಿಗೋದೂ ಇಲ್ಲ ಬಿಡಿ, ಅಲ್ಲಿ ಟ್ರಂಪೆಟ್ಟೇ ಇಲ್ಲ! ಹ್ಯಾರಿ ಮಿಲ್ಸ್ ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದು ಆ ದನಿ ತೆಗೆಯುತ್ತಿದ್ದರು.

ಇವರು ಒಹಾಯೊದ ಪಿಕ್ವಾ ಊರಿನ ನಾಲ್ವರು ಅಣ್ಣತಮ್ಮಂದಿರು. ಹರ್ಬರ್ಟ್ ಎರಡನೇ ಟ್ರಂಪೆಟ್, ಡೊನಾಲ್ಡ್ ಟ್ರಾಂಬೋನ್, ದೊಡ್ಡಣ್ಣ ಜಾನ್ ತಗ್ಗು ದನಿಯ ಟ್ಯೂಬಾ, ಈ ಊದುವ ವಾದ್ಯಗಳೆಲ್ಲವೂ ಬಾಯಲ್ಲೇ. ನಿಜವಾದ ವಾದ್ಯ ಅಂದರೆ ಜಾನ್ ಕೈಲಿದ್ದ ಗಿಟಾರ್ ಒಂದೇ. ಹೇಳಿದರೆ ಯಾರು ನಂಬುತ್ತಾರೆ, ಅಲ್ವಾ? ಅದಕ್ಕೇ ರೆಕಾರ್ಡಿನ ಲೇಬಲ್ ಮೇಲೇ ಈ ಮಾತನ್ನು ಅಚ್ಚು ಹಾಕಿಸಿದ್ದರು.

1931ರ 'ಟೈಗರ್ ರ್‍ಯಾಗ್' ಹಾಡನ್ನು ಇನ್ನೊಮ್ಮೆ ಹಾಕಿ, ಈ ಸಲ ಹೆಡ್‌ಫೋನಿನಲ್ಲಿ. ತಳದಲ್ಲಿ ಗುಂಯ್‌ಗುಟ್ಟುವ ದನಿಯನ್ನು ಹಿಡಿದುಕೊಂಡು ಹೋಗಿ. ಅದೇ ಜಾನ್. 1936ರಲ್ಲಿ ಅವರು ತೀರಿಕೊಂಡರು. ಆ ಜಾಗಕ್ಕೆ ಅಪ್ಪನೇ ಬಂದು ನಿಂತರು, ಗಿಟಾರಿಗೆ ನಾರ್ಮನ್ ಬ್ರೌನ್ ಸೇರಿದರು. ಆಮೇಲಾಮೇಲೆ ಈ ಬಾಯಿವಾದ್ಯ ಕಮ್ಮಿಯಾಗಿ ಹಾಡೇ ಮುಂದೆ ಬಂತು. ನನಗಂತೂ ಮೊದಲಿನದೇ ಜಾಸ್ತಿ ಇಷ್ಟ.

ಹಾಗಂತ ಎಲ್ಲ ರೆಕಾರ್ಡಿಗೂ ಇದೇ ಲೆಕ್ಕ ಹಾಕಬೇಡಿ. 1952ರ 'ಗ್ಲೋ ವರ್ಮ್'ನಲ್ಲಿ ಕೇಳುವ ವಾದ್ಯಗಳು ನಿಜವಾದವೇ. ಅಲ್ಲಿ ಹಿಂದೆ ನುಡಿಸಿದ್ದು ಹ್ಯಾಲ್ ಮೆಕಿಂಟೈರ್ ಆರ್ಕೆಸ್ಟ್ರಾ.